ಮಗು ನಡೀತಿದೆಯಾ ಅಂತ ಕೇಳ್ತಾರೆ, ಹೇಗೆ ನಡೀತಿದೆ ಅಂತ ಯಾರೂ ಕೇಳಲ್ಲ

ತುದಿಗಾಲಲ್ಲಿ ನಡೆಯುವ ಮಗು ಊರಿಗೆಲ್ಲ ಕಾಣುತ್ತೆ, ಸರ್ಕಾರದ ಫಾರಂಗೆ ಮಾತ್ರ ಕಾಣಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ರಾಜಕಾರಣವನ್ನು ಈ ಸಣ್ಣ ವಿಷಯದಿಂದಲೇ ಅಳೆದು ನೋಡೋಣ.

‘ತುದಿಗಾಲಲ್ಲಿ ನಿಂತಿದ್ದಾರೆ’ ಅನ್ನೋ ಮಾತು ರಾಮನಗರ ಜಿಲ್ಲೆಯ ಸುದ್ದಿಗಳಲ್ಲಿ ಬಳಕೆಯಾಗೋದು ಹೆಚ್ಚಾಗಿ ರಾಜಕಾರಣಿಗಳ ಬಗ್ಗೆ. ಒಬ್ಬರು ಟಿಕೆಟ್‌ಗಾಗಿ ತುದಿಗಾಲಲ್ಲಿ, ಇನ್ನೊಬ್ಬರು ಮಂತ್ರಿಗಿರಿಗಾಗಿ ತುದಿಗಾಲಲ್ಲಿ, ಮತ್ತೊಬ್ಬರು ಅದಕ್ಕಿಂತ ದೊಡ್ಡ ಕುರ್ಚಿಗಾಗಿ ತುದಿಗಾಲಲ್ಲಿ. ಆದರೆ ಇದೇ ಜಿಲ್ಲೆಯ ಹಟ್ಟಿಗಳಲ್ಲಿ, ಅಂಗನವಾಡಿಗಳಲ್ಲಿ ನಿಜವಾಗಿಯೂ ತುದಿಗಾಲಲ್ಲೇ ಓಡಾಡುವ ಮಕ್ಕಳಿದ್ದಾರೆ. ಅವರ ಹಿಮ್ಮಡಿ ನೆಲ ಮುಟ್ಟಲ್ಲ. ಅವರ ಬಗ್ಗೆ ಸುದ್ದಿಯೂ ಆಗಲ್ಲ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಇದು ಯಾವುದೋ ಒಂದು ಕುಟುಂಬದ ಕತೆಯಲ್ಲ, ಇಂಥ ಮಕ್ಕಳ ಹಾದಿ ಸಾಮಾನ್ಯವಾಗಿ ಹೇಗಿರುತ್ತೆ ಅಂತ ತೋರಿಸೋದಕ್ಕೆ ಕಟ್ಟಿಕೊಂಡ ಚಿತ್ರ. ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ಬಿಡದಿ ಕಡೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಅಮ್ಮನಿಗೆ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೂಲಿ. ಮಗು ಹದಿಮೂರನೇ ತಿಂಗಳಿಗೆ ನಡೆಯಿತು. ಎಲ್ಲರಿಗೂ ಖುಷಿ. ‘ನಡೆಯುತ್ತದೆ’ ಅನ್ನೋದಕ್ಕೆ ಟಿಕ್ ಬಿತ್ತು. ಎರಡು ವರ್ಷ ತುಂಬಿದರೂ ಮಗು ಮುಂಗಾಲಲ್ಲೇ ಓಡಾಡುತ್ತೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡೋದು ಕಡಿಮೆ. ಮಾತು ಇನ್ನೂ ಬಂದಿಲ್ಲ. ‘ಗಂಡುಮಕ್ಳು ಮಾತಾಡೋದು ನಿಧಾನ, ಸರೋಯ್ತದೆ ಬುಡವ್ವ’ ಅಂತಾರೆ ಅಜ್ಜಿ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತೆ, ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರೆ ಕಿರುಚುತ್ತೆ. ‘ಹಟ ಜಾಸ್ತಿ’ ಅಂತಾರೆ ಪಕ್ಕದ ಮನೆಯವರು. ಒಂದನೇ ಕ್ಲಾಸಿಗೆ ಸೇರಿಸಿದ ಮೇಲೆ ಟೀಚರ್ ಕರೆದು ಹೇಳ್ತಾರೆ: ‘ಎಲ್ಲಾದರೂ ತೋರಿಸಿ.’

ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿರುತ್ತೆ. ಆ ನಾಲ್ಕೂ ವರ್ಷ ಮಗು ಎಲ್ಲರ ಕಣ್ಣೆದುರೇ ತುದಿಗಾಲಲ್ಲಿ ಓಡಾಡಿತ್ತು.

ಗಾಬರಿ ಬೇಡ, ಉಡಾಫೆಯೂ ಬೇಡ

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡೋಣ. ತುದಿಗಾಲಲ್ಲಿ ನಡೆಯೋ ಮಕ್ಕಳೆಲ್ಲ ಆಟಿಸಂ ಇರುವವರಲ್ಲ. ನಡೆಯೋಕೆ ಶುರುಮಾಡಿದ ಹೊಸದರಲ್ಲಿ ಎಷ್ಟೋ ಮಕ್ಕಳು ಹೀಗೆ ನಡೆದು ನೋಡ್ತಾರೆ, ಆಮೇಲೆ ಬಿಡ್ತಾರೆ. ಸ್ವೀಡನ್‌ನ ಬ್ಲೆಕಿಂಗೆ ಪ್ರಾಂತ್ಯದಲ್ಲಿ ಐದೂವರೆ ವರ್ಷದ 1,436 ಮಕ್ಕಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಶೇ 4.9ರಷ್ಟು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ತುದಿಗಾಲಲ್ಲಿ ನಡೆದವರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಐದೂವರೆ ವರ್ಷಕ್ಕೆ ಬರುವಷ್ಟರಲ್ಲಿ ತಾವಾಗಿಯೇ ಬಿಟ್ಟಿದ್ದರು. ಬೇರೆ ಯಾವ ತೊಂದರೆಯೂ ಇಲ್ಲದ ಮಕ್ಕಳನ್ನು ಹತ್ತು ವರ್ಷದವರೆಗೆ ಗಮನಿಸಿದಾಗ ಶೇ 79ರಷ್ಟು ಮಂದಿ ಯಾವ ಚಿಕಿತ್ಸೆಯೂ ಇಲ್ಲದೆ ಸರಿಯಾಗಿದ್ದರು. ಅಂದರೆ ಅಜ್ಜಿ ಹೇಳುವ ‘ಸರೋಯ್ತದೆ’ ಬಹಳಷ್ಟು ಸಲ ನಿಜವೇ.

ಸಮಸ್ಯೆ ಇರೋದು ಉಳಿದ ಮಕ್ಕಳಲ್ಲಿ. ಅದೇ ಅಧ್ಯಯನದಲ್ಲಿ, ಬೆಳವಣಿಗೆಯ ಅಥವಾ ನರ-ಮಾನಸಿಕ ತೊಂದರೆ ಇದೆ ಅಂತ ಗುರುತಿಸಲಾಗಿದ್ದ ಪುಟ್ಟ ಗುಂಪಿನಲ್ಲಿ ತುದಿಗಾಲ ನಡಿಗೆ ಶೇ 41ರಷ್ಟಿತ್ತು. ಅಮೆರಿಕದ ಲಕ್ಷಾಂತರ ಮಕ್ಕಳ ವೈದ್ಯಕೀಯ ದಾಖಲೆ ಜಾಲಾಡಿದ 2019ರ ಇನ್ನೊಂದು ಅಧ್ಯಯನದ ಪ್ರಕಾರ, ಆಟಿಸಂ ಇರುವ ಮಕ್ಕಳಲ್ಲಿ ಶೇ 8.4ರಷ್ಟು ಮಂದಿಗೆ ತುದಿಗಾಲ ನಡಿಗೆ ದಾಖಲಾಗಿತ್ತು. ಉಳಿದ ಮಕ್ಕಳಲ್ಲಿ ಅದು ಶೇ 0.5ಕ್ಕಿಂತ ಕಡಿಮೆ. ಲೆಕ್ಕ ಹಾಕುವ ರೀತಿ ಬದಲಾದ ಹಾಗೆ ಅಂಕಿ ಬದಲಾಗುತ್ತೆ. ಆದರೆ ದಿಕ್ಕು ಒಂದೇ: ಆಟಿಸಂ ಇರುವ ಮಕ್ಕಳಲ್ಲಿ ಇದು ಹಲವು ಪಟ್ಟು ಹೆಚ್ಚು.

ಇದು ವೈದ್ಯರಿಗೆ ಹೊಸ ವಿಷಯವೂ ಅಲ್ಲ. ಮಾನಸಿಕ ಆರೋಗ್ಯದ ರೋಗನಿರ್ಣಯಕ್ಕೆ ಜಗತ್ತಿನೆಲ್ಲೆಡೆ ಬಳಸುವ ಡಿಎಸ್ಎಂ-5 ಕೈಪಿಡಿ 2013ರಲ್ಲಿ ಬಂತು. ವಿಚಿತ್ರ ನಡಿಗೆ, ತಡವರಿಸುವ ಚಲನೆ, ತುದಿಗಾಲ ನಡಿಗೆ ಮೂರನ್ನೂ ಅದು ಆಟಿಸಂ ಜೊತೆ ಕಾಣಿಸಿಕೊಳ್ಳುವ ಲಕ್ಷಣಗಳು ಅಂತ ಹೇಳುತ್ತೆ. ಆದರೆ ಅವು ‘ಜೊತೆಗಿರುವ’ ಲಕ್ಷಣಗಳು ಮಾತ್ರ, ರೋಗನಿರ್ಣಯದ ಮಾನದಂಡವಲ್ಲ. ಹಾಗಾಗಿ ನಡಿಗೆ ನೋಡಿ ‘ಇದು ಆಟಿಸಂ’ ಅನ್ನೋಕೆ ಆಗಲ್ಲ. ನಡಿಗೆ ನೋಡಿ ‘ಈ ಮಗುವನ್ನು ಸ್ವಲ್ಪ ಸರಿಯಾಗಿ ಗಮನಿಸೋಣ’ ಅನ್ನಬಹುದು, ಅನ್ನಲೇಬೇಕು.

ಹಿಮ್ಮಡಿ ಯಾಕೆ ನೆಲ ಮುಟ್ಟಲ್ಲ?

ನಾನು ಎಂಜಿನಿಯರಿಂಗ್ ಓದುವಾಗ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು. ಯಂತ್ರ ಸರಿಯಾಗಿ ಓಡಬೇಕು ಅಂದರೆ ಅದು ಈಗ ಏನು ಮಾಡ್ತಿದೆ ಅನ್ನೋ ಮಾಹಿತಿ ಕ್ಷಣಕ್ಷಣಕ್ಕೂ ವಾಪಸ್ ಬರ್ತಿರಬೇಕು. ನಡಿಗೆಯೂ ಹಾಗೆಯೇ. ಅಂಗಾಲಿನ ಸ್ಪರ್ಶ, ಒಳಕಿವಿಯ ಸಮತೋಲನ, ಸ್ನಾಯು-ಕೀಲುಗಳಿಂದ ಬರುವ ಸೂಚನೆ ಮೂರೂ ಸೇರಿ ಮುಂದಿನ ಹೆಜ್ಜೆ ನಿರ್ಧಾರವಾಗುತ್ತೆ. ಆಟಿಸಂ ಇರುವ ಹಲವು ಮಕ್ಕಳಲ್ಲಿ ಈ ಮಾಹಿತಿ ಬೇರೆ ರೀತಿ ತಲುಪುತ್ತೆ: ಕೆಲವರಿಗೆ ಅತಿಯಾಗಿ, ಕೆಲವರಿಗೆ ಕಡಿಮೆಯಾಗಿ. ತಣ್ಣನೆಯ ಗಾರೆ ನೆಲ ಒಂದು ಮಗುವಿಗೆ ಸಹಿಸೋಕೆ ಆಗದಷ್ಟು ತೀವ್ರವಾಗಿರಬಹುದು, ಹಾಗಾಗಿ ಆದಷ್ಟು ಕಡಿಮೆ ಪಾದ ಊರುತ್ತೆ. ಇನ್ನೊಂದು ಮಗುವಿಗೆ ಮೀನಖಂಡದಲ್ಲಿ ಬಿಗಿ ಹಿಡಿದಾಗಲೇ ತನ್ನ ಕಾಲು ಎಲ್ಲಿದೆ ಅನ್ನೋದು ಚೆನ್ನಾಗಿ ಗೊತ್ತಾಗಬಹುದು. ಇದೇ ಪೂರ್ತಿ ಕಾರಣ ಅಂತ ಸಾಬೀತಾಗಿಲ್ಲ, ಬೇರೆ ವಿವರಣೆಗಳೂ ಇವೆ. ಆದರೆ ಹಟ, ಕೊಬ್ಬು, ಮುದ್ದು ಜಾಸ್ತಿಯಾಗಿದ್ದು ಇದಕ್ಕೆ ಕಾರಣವಲ್ಲ ಅನ್ನೋದಂತೂ ಖಚಿತ.

ಕಾರಣ ಏನೇ ಇರಲಿ, ವರ್ಷಗಟ್ಟಲೆ ಹಿಮ್ಮಡಿ ಊರದೇ ಇದ್ದರೆ ದೇಹದ ಲೆಕ್ಕ ಬೇರೆ ಶುರುವಾಗುತ್ತೆ. ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಗಟ್ಟಿ ನಾರನ್ನು ಡಾಕ್ಟರ್‌ಗಳು ಅಕಿಲೀಸ್ ಟೆಂಡನ್ ಅಂತಾರೆ. ಸ್ನಾಯುವೂ ಆ ನಾರೂ ನಿಧಾನವಾಗಿ ಗಿಡ್ಡವಾಗುತ್ತಾ ಹೋಗುತ್ತವೆ. ಮೊದಲು ‘ಊರಲ್ಲ’ ಅಂತಿದ್ದ ಮಗು ಆಮೇಲೆ ‘ಊರೋಕೆ ಆಗಲ್ಲ’ ಅನ್ನೋ ಸ್ಥಿತಿಗೆ ಬರುತ್ತೆ. ಕಾಲು ನೋವು, ಪದೇ ಪದೇ ಬೀಳೋದು, ಚಪ್ಪಲಿ-ಶೂ ಹಾಕೋಕೆ ಆಗದಿರೋದು, ಕುಕ್ಕರಗಾಲಲ್ಲಿ ಕೂರೋಕೆ ಆಗದಿರೋದು ಎಲ್ಲ ಜೊತೆಗೆ ಬರುತ್ತೆ. ಭಾರತೀಯ ಶೈಲಿಯ ಕಕ್ಕಸು ಇರುವ ಸರ್ಕಾರಿ ಶಾಲೆಯಲ್ಲಿ ಈ ಕೊನೆಯದು ಎಷ್ಟು ದೊಡ್ಡ ಸಮಸ್ಯೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬೇಗ ಗೊತ್ತಾದರೆ ಚಿಕಿತ್ಸೆ ದುಬಾರಿಯಲ್ಲ: ಮೀನಖಂಡ ಹಿಗ್ಗಿಸುವ ವ್ಯಾಯಾಮ, ಫಿಸಿಯೋಥೆರಪಿ, ಅಂಗಾಲಿನ ಸಂವೇದನೆಗೆ ಆಟದ ಮೂಲಕ ಅಭ್ಯಾಸ, ಬೇಕಾದರೆ ಪಾದಕ್ಕೆ ಆಸರೆಯ ಪಟ್ಟಿ. ತಡವಾದರೆ ವಾರಗಟ್ಟಲೆ ಪ್ಲಾಸ್ಟರ್, ಕೆಲವರಿಗೆ ಶಸ್ತ್ರಚಿಕಿತ್ಸೆ. ನಡುವೆ ದುಬಾರಿ ಇಂಜೆಕ್ಷನ್‌ಗಳ ಮಾತೂ ಬರುತ್ತೆ. ಬೇರೆ ಕಾಯಿಲೆ ಇಲ್ಲದ, ತುದಿಗಾಲ ನಡಿಗೆಯಷ್ಟೇ ಇದ್ದ ಮಕ್ಕಳ ಮೇಲೆ ಸ್ವೀಡನ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪ್ಲಾಸ್ಟರ್ ಜೊತೆ ಬೊಟುಲಿನಂ ಇಂಜೆಕ್ಷನ್ ಕೊಟ್ಟಿದ್ದರಿಂದ ಹೆಚ್ಚಿನ ಲಾಭವೇನೂ ಕಂಡಿರಲಿಲ್ಲ. ಹಾಗಾಗಿ ಯಾರಾದರೂ ನೇರವಾಗಿ ಇಂಜೆಕ್ಷನ್ ಅಂದರೆ ‘ಯಾಕೆ?’ ಅಂತ ಕೇಳುವ ಹಕ್ಕು ಪೋಷಕರಿಗಿದೆ.

ತಡ ಮಾಡಲೇಬಾರದ ಸಂದರ್ಭಗಳೂ ಇವೆ, ಅವನ್ನು ನೆನಪಿಡಿ. ಒಂದೇ ಕಾಲಲ್ಲಿ ಮಾತ್ರ ಹೀಗಿದ್ದರೆ, ಚೆನ್ನಾಗಿ ನಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ತುದಿಗಾಲಿಗೆ ಬಂದರೆ, ಕಾಲು ಬಿಗಿಯಾಗಿದ್ದರೆ ಅದು ಸೆರೆಬ್ರಲ್ ಪಾಲ್ಸಿ ಅಥವಾ ಬೆನ್ನುಹುರಿಯ ತೊಂದರೆ ಇರಬಹುದು. ಗಂಡು ಮಗುವಿಗೆ ಮೆಟ್ಟಿಲು ಹತ್ತೋಕೆ ಕಷ್ಟ, ನೆಲದಿಂದ ಏಳುವಾಗ ತೊಡೆಗೆ ಕೈಯೂರಿ ಏಳ್ತಾನೆ, ಮೀನಖಂಡ ಉಬ್ಬಿದಂತಿದೆ ಅಂದರೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಅನ್ನೋ ಸ್ನಾಯು ಕಾಯಿಲೆ ಇರಬಹುದು. ಅದರ ಮೊದಲ ಸುಳಿವು ಸಿಗೋದು ಸಿ.ಕೆ. ಅನ್ನೋ ಸರಳ ರಕ್ತಪರೀಕ್ಷೆಯಿಂದ. ಎಲ್ಲವೂ ಆಟಿಸಂ ಅಲ್ಲ, ಎಲ್ಲವೂ ಅಭ್ಯಾಸವೂ ಅಲ್ಲ. ಒಬ್ಬ ತಿಳಿದವರು ಐದು ನಿಮಿಷ ನಡಿಗೆ ನೋಡಿದರೆ ಮುಂದಿನ ದಾರಿ ಯಾವುದು ಅಂತ ತಿಳಿಯುತ್ತೆ.

ಆಟಿಕೆ ಊರಿನಲ್ಲಿ ಪ್ಲಾಸ್ಟಿಕ್ ವಾಕರ್

ಇಲ್ಲೊಂದು ಸಣ್ಣ ಮಾತು. ಚನ್ನಪಟ್ಟಣ ಅಂದರೆ ಆಲೆ ಮರ, ಅರಗಿನ ಬಣ್ಣ, ಮಗು ನಿಂತುಕೊಂಡು ತಳ್ಳಿಕೊಂಡು ಹೋಗುವ ಮೂರು ಗಾಲಿಯ ಮರದ ಗಾಡಿ. ಅದರಲ್ಲಿ ಮಗುವಿನ ಭಾರ ಮಗುವಿನ ಕಾಲ ಮೇಲೆಯೇ ಇರುತ್ತೆ. ಈಗ ಎಷ್ಟೋ ಮನೆಗಳಲ್ಲಿ ಅದರ ಜಾಗಕ್ಕೆ ಬಂದಿರೋದು ಮಗುವನ್ನು ಕೂರಿಸಿ ಉರುಳಿಸುವ ಪ್ಲಾಸ್ಟಿಕ್ ವಾಕರ್. ಅದರಲ್ಲಿ ಕೂತ ಮಗು ಮುಂಗಾಲಿಂದ ನೆಲ ಒದೆಯುತ್ತೆ. ಮೆಟ್ಟಿಲಿಂದ ಉರುಳಿ ಬೀಳುವ ಅಪಾಯ ಬೇರೆ. ಕೆನಡಾ 2004ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿತು. ಅಮೆರಿಕದ ಮಕ್ಕಳ ವೈದ್ಯರ ಸಂಘ ನಿಷೇಧ ಬೇಕು ಅಂತ ಹೇಳ್ತಾನೇ ಇದೆ. ವಾಕರ್‌ನಿಂದ ಆಟಿಸಂ ಬರಲ್ಲ, ಅದು ಬೇರೆ ಮಾತು. ಆದರೆ ಮಗುವಿನ ನಡಿಗೆ ನೋಡಿದವರು ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ‘ಮನೇಲಿ ವಾಕರ್ ಇದೆಯಾ?’ ಅನ್ನೋದೂ ಒಂದು. ಕೇಳುವವರು ಬೇಕಷ್ಟೇ.

ಕಾನೂನು ಇದೆ, ಯೋಜನೆ ಇದೆ, ಪ್ರಶ್ನೆಯೇ ಇಲ್ಲ

ಕೇಳುವವರು ಯಾರು? ಕಾಗದದ ಮೇಲೆ ತುಂಬಾ ಜನ ಇದ್ದಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತೆ. ಅದರ 25ನೇ ಸೆಕ್ಷನ್ ಪ್ರಕಾರ ಎಲ್ಲ ಮಕ್ಕಳನ್ನೂ ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ಮಾಡಿ, ಅಪಾಯದ ಸೂಚನೆ ಇರುವವರನ್ನು ಗುರುತಿಸಬೇಕಾದದ್ದು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಕರ್ತವ್ಯ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಬೇಕು. ಈ ಕಾರ್ಯಕ್ರಮ ಪಟ್ಟಿ ಮಾಡಿರುವ 30 ತೊಂದರೆಗಳಲ್ಲಿ ಚಲನೆಯ ವಿಳಂಬವೂ ಇದೆ, ಆಟಿಸಂ ಕೂಡ ಇದೆ. ತಂಡ ಗುರುತಿಸಿದ ಮಗುವನ್ನು ಕಳಿಸಬೇಕಾದದ್ದು ಜಿಲ್ಲಾ ಮಟ್ಟದ ಡಿಇಐಸಿಗೆ, ಅಂದರೆ ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಶುರುಮಾಡುವ ಕೇಂದ್ರಕ್ಕೆ. ನಿಯಮದ ಪ್ರಕಾರ ಅಲ್ಲಿ ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್, ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು ಎಲ್ಲರೂ ಒಂದೇ ಸೂರಿನಡಿ ಇರಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಅಂಗನವಾಡಿಗಳಿಗೆಂದೇ ಅಂಗವಿಕಲ ಮಕ್ಕಳ ಪ್ರೋಟೋಕಾಲ್ ಬಿಡುಗಡೆ ಮಾಡಿತು.

ಇಷ್ಟೆಲ್ಲ ಇದ್ದೂ ಮಗು ತಪ್ಪಿಸಿಕೊಳ್ಳೋದು ಎಲ್ಲಿ? ನಾವು ಕೇಳುವ ಪ್ರಶ್ನೆಯಲ್ಲೇ.

ಪುಟ್ಟ ಮಕ್ಕಳಲ್ಲಿ ಆಟಿಸಂ ಸೂಚನೆ ಹುಡುಕಲು ಜಗತ್ತಿನಾದ್ಯಂತ ಬಳಸುವ ಎಂ-ಚಾಟ್ ಪ್ರಶ್ನಾವಳಿಯ ಪರಿಷ್ಕೃತ ರೂಪದಲ್ಲಿ 20 ಪ್ರಶ್ನೆಗಳಿವೆ. ಅದರಲ್ಲೊಂದು: ‘ನಿಮ್ಮ ಮಗು ನಡೆಯುತ್ತದೆಯೇ?’ ಹೌದು ಅಥವಾ ಇಲ್ಲ. ಹೇಗೆ ನಡೆಯುತ್ತದೆ ಅಂತ ಕೇಳಲ್ಲ. ಭಾರತದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ಐಎಸ್ಎಎ ಮಾಪನದಲ್ಲಿ 40 ಅಂಶಗಳಿವೆ. ಸಾಮಾಜಿಕ ಒಡನಾಟ, ಭಾವನೆ, ಮಾತು, ವರ್ತನೆ, ಸಂವೇದನೆ, ಗ್ರಹಿಕೆ ಎಲ್ಲ ಇವೆ, ನಡಿಗೆಗೆಂದೇ ಒಂದು ಅಂಶ ಇಲ್ಲ. ಇವು ಆಟಿಸಂ ಅಳೆಯುವ ಸಾಧನಗಳು, ನಡಿಗೆ ಅಳೆಯೋಕಲ್ಲ, ಹಾಗಾಗಿ ಸಾಧನಗಳನ್ನೇ ದೂರುತ್ತಿಲ್ಲ. ಆದರೆ ನಮ್ಮ ಹಳ್ಳಿಯ ವ್ಯವಸ್ಥೆ ಪೂರ್ತಿ ನಿಂತಿರೋದು ಇಂಥ ಹೌದು-ಇಲ್ಲ ಟಿಕ್‌ಗಳ ಮೇಲೆ. ಸಂಚಾರಿ ತಂಡದ ಮಾದರಿ ವಿನ್ಯಾಸದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಎಎನ್ಎಂ, ಒಬ್ಬ ಫಾರ್ಮಸಿಸ್ಟ್ ಇರ್ತಾರೆ. ಫಿಸಿಯೋಥೆರಪಿಸ್ಟ್ ಇಲ್ಲ. ಒಂದೇ ದಿನ ಅಂಗನವಾಡಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ತೂಕ, ಎತ್ತರ, ಹಲ್ಲು, ಕಣ್ಣು ನೋಡಿ ಮುಗಿಸುವ ತಪಾಸಣೆಯಲ್ಲಿ ಮಗು ನಿಂತಿರುತ್ತೆ. ನಡೆದು ತೋರಿಸುವ ಅವಕಾಶವೇ ಅದಕ್ಕೆ ಸಿಗಲ್ಲ.

ಎಣಿಕೆಯ ಕತೆಯೂ ಇದೇ. 2011ರ ಜನಗಣತಿ ಅಂಗವೈಕಲ್ಯವನ್ನು ಎಂಟು ಬಗೆಯಾಗಿ ಕೇಳಿತ್ತು. ಆಟಿಸಂ ಅದರಲ್ಲಿ ಪ್ರತ್ಯೇಕವಾಗಿ ಇರಲೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ಕ್ಕೆ ಕೊಡುವ ಅಂದಾಜು ಜಗತ್ತಿನಲ್ಲಿ 127 ಜನರಿಗೆ ಒಬ್ಬರು. ಅದೇ ಸರಾಸರಿಯನ್ನು 2011ರಲ್ಲಿ ಸುಮಾರು 10.8 ಲಕ್ಷ ಜನರಿದ್ದ ಈ ಜಿಲ್ಲೆಗೆ ಹಾಕಿದರೆ ಎಂಟು ಸಾವಿರಕ್ಕೂ ಹೆಚ್ಚು ಜನ. ಇದು ಸಮೀಕ್ಷೆಯಲ್ಲ, ಬರೀ ಭಾಗಾಕಾರ. ಆದರೆ ಒಂದು ಜಿಲ್ಲೆಯ ರಾಜಕಾರಣಕ್ಕೆ ಲೆಕ್ಕಕ್ಕೆ ಬರಬೇಕಾದಷ್ಟು ದೊಡ್ಡ ಸಂಖ್ಯೆ.

ಎರಡು ದೊಡ್ಡ ಸಂಸ್ಥೆಗಳ ನಡುವೆ

ಭೂಪಟ ನೋಡಿದರೆ ಈ ಜಿಲ್ಲೆಯಷ್ಟು ಅದೃಷ್ಟದ ಜಿಲ್ಲೆ ಇನ್ನೊಂದಿಲ್ಲ ಅನಿಸುತ್ತೆ. ರಾಮನಗರದಿಂದ ಒಂದು ಕಡೆ ಸುಮಾರು 50 ಕಿ.ಮೀ. ದೂರದ ಬೆಂಗಳೂರಲ್ಲಿ ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಇನ್ನೊಂದು ಕಡೆ ಸುಮಾರು 95 ಕಿ.ಮೀ. ದೂರದ ಮೈಸೂರಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ನಡುವೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ.

ಆದರೆ ಥೆರಪಿ ಅನ್ನೋದು ಒಂದು ಸಲ ಹೋಗಿ ಬರುವ ಕೆಲಸವಲ್ಲ. ವಾರಕ್ಕೆ ಎರಡು ಸಲ, ಮೂರು ಸಲ, ತಿಂಗಳುಗಟ್ಟಲೆ ಹೋಗಬೇಕು. ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್, ಆಟೋಗೆ ಪ್ರವೇಶ ಇಲ್ಲ. ಶಕ್ತಿ ಯೋಜನೆಯಿಂದ ಅಮ್ಮನ ಬಸ್ ಟಿಕೆಟ್ ಉಳಿಯುತ್ತೆ, ಇದು ನಿಜಕ್ಕೂ ದೊಡ್ಡ ಸಹಾಯ. ಉಳಿಯದೇ ಇರೋದು ಆ ದಿನದ ಕೂಲಿ. ಕಿಕ್ಕಿರಿದ ಬಸ್ಸಿನ ಗದ್ದಲ ಸಹಿಸಲಾಗದ ಮಗುವನ್ನು ಕರೆದುಕೊಂಡು ಮಾಗಡಿ ಕಡೆಯ ಹಳ್ಳಿಯಿಂದ ಮೊದಲು ಪಟ್ಟಣಕ್ಕೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಮತ್ತೊಂದು ಬಸ್ ಹಿಡಿದು ಆಸ್ಪತ್ರೆಗೆ ಹೋಗಿಬರೋದನ್ನು ಯೋಚಿಸಿ. ರಾಮನಗರ, ಚನ್ನಪಟ್ಟಣಕ್ಕಾದರೂ ರೈಲಿದೆ. ಮಾಗಡಿಗೂ ಕನಕಪುರಕ್ಕೂ ಅದೂ ಇಲ್ಲ. ಕನಕಪುರದ ದಕ್ಷಿಣಕ್ಕೆ, ಕಾವೇರಿ ಕಾಡಿನಂಚಿನ ಊರುಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರೋದೇ ಒಂದು ಪ್ರಯಾಣ. ಕೆಲವು ವಾರ ಹೋಗ್ತಾರೆ, ಆಮೇಲೆ ಬಿಡ್ತಾರೆ. ಆಸ್ಪತ್ರೆ ದಾಖಲೆಯಲ್ಲಿ ಆ ಮಗು ‘ಮುಂದುವರಿಸಲಿಲ್ಲ’ ಅಂತ ಉಳಿದುಬಿಡುತ್ತೆ. ತಾಯಿಗೆ ಕಾಳಜಿ ಇಲ್ಲ ಅನ್ನೋ ಮಾತು ಬೇರೆ ಕೇಳಬೇಕು.

ಪ್ರಮಾಣಪತ್ರದ ಕತೆಯನ್ನೂ ಸೇರಿಸಿಕೊಳ್ಳಿ. ಯುಡಿಐಡಿ ಕಾರ್ಡ್ ಇಲ್ಲದೆ ಮಾಸಾಶನ, ರಿಯಾಯಿತಿ ಯಾವುದೂ ಸುಲಭವಿಲ್ಲ. ಪ್ರಮಾಣಪತ್ರ ಕೊಡಲು ಮೊದಲು ಇದ್ದ ಒಂದು ತಿಂಗಳ ಗಡುವನ್ನು 2024ರ ಅಕ್ಟೋಬರ್‌ನ ನಿಯಮ ತಿದ್ದುಪಡಿ ಮೂರು ತಿಂಗಳಿಗೆ ಏರಿಸಿತು. ನಾಲ್ಕು ವರ್ಷದ ಮಗುವಿಗೆ ಮೂರು ತಿಂಗಳು ಸಣ್ಣ ಅವಧಿಯಲ್ಲ.

ಹೆಸರು ಬದಲಾದರೆ ಹಿಮ್ಮಡಿ ಊರುತ್ತಾ?

ಈ ಜಿಲ್ಲೆಗೆ ಅಧಿಕಾರದ ಕೊರತೆ ಯಾವತ್ತೂ ಇರಲಿಲ್ಲ. ಕೆಂಗಲ್ ಹನುಮಂತಯ್ಯನವರ ನೆಲ ಇದು. ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ 1983ರಲ್ಲಿ ವಿಧಾನಸಭೆಗೆ ಬಂದದ್ದು ಕನಕಪುರದ ಉಪಚುನಾವಣೆಯಿಂದ. ಎಚ್.ಡಿ. ದೇವೇಗೌಡರು 1994ರಲ್ಲಿ ಗೆದ್ದು ಮುಖ್ಯಮಂತ್ರಿಯಾದದ್ದು ರಾಮನಗರದಿಂದ. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗಲೇ, 2007ರಲ್ಲಿ, ಈ ನಾಲ್ಕು ತಾಲ್ಲೂಕು ಸೇರಿ ಜಿಲ್ಲೆಯಾಯಿತು. ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ರಾಜ್ಯದ ಅಧಿಕಾರದ ನಡುಮಧ್ಯೆ ಇರುವವರು. 2025ರ ಮೇನಲ್ಲಿ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಡಲು ಒಪ್ಪಿತು.

ಹೆಸರಿನ ಪರ-ವಿರೋಧ ಎಷ್ಟು ಜೋರಾಗಿತ್ತು ಅಂತ ನಿಮಗೆ ನೆನಪಿರಬಹುದು. ಭೂಮಿ ಬೆಲೆ ಏರುತ್ತೆ, ಉದ್ಯಮ ಬರುತ್ತೆ ಅಂದರು ಒಬ್ಬರು. ಅಸ್ಮಿತೆ ಹೋಗುತ್ತೆ ಅಂದರು ಇನ್ನೊಬ್ಬರು. 2023ರಲ್ಲಿ ವೈದ್ಯಕೀಯ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಅನ್ನೋ ಜಗಳ ರಾಮನಗರ ಬಂದ್‌ವರೆಗೂ ಹೋಯಿತು. 2024ರ ನವೆಂಬರ್‌ನ ಚನ್ನಪಟ್ಟಣ ಉಪಚುನಾವಣೆಗೆ ಇಡೀ ರಾಜ್ಯದ ನಾಯಕರು ಬಂದು ಬೀಡುಬಿಟ್ಟಿದ್ದರು. ಕಟ್ಟಡ ಎಲ್ಲಿ ಅನ್ನೋದಕ್ಕೆ ಬಂದ್ ಆಗುತ್ತೆ. ಡಿಇಐಸಿಯಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆ ತುಂಬಿದೆಯಾ ಅನ್ನೋದಕ್ಕೆ ಒಂದು ಪ್ರೆಸ್‌ಮೀಟ್ ಕೂಡ ಆಗಲ್ಲ.

ಮಗುವಿನ ಮೇಲೆ ನಾವು ಹಾಕುವ ಟಿಕ್ ಮತ್ತು ಯೋಜನೆಗಳ ಮೇಲೆ ಹಾಕುವ ಟಿಕ್ ಒಂದೇ ಜಾತಿಯವು. ಅಂಗನವಾಡಿ ನಡೀತಿದೆಯಾ? ಟಿಕ್. ತಪಾಸಣೆ ನಡೀತಿದೆಯಾ? ಟಿಕ್. ಹೇಗೆ ನಡೀತಿದೆ? ಆ ಕಾಲಂ ಇಲ್ಲ.

ಏನು ಕೇಳಬಹುದು, ಏನು ಮಾಡಬಹುದು

ಇದಕ್ಕೆ ಹೊಸ ಕಾನೂನು ಬೇಡ, ಹೊಸ ಕಟ್ಟಡವೂ ಬೇಡ. ಐದು ಕೆಲಸ ಸಾಕು.

ಒಂದು, ಅಂಗನವಾಡಿ ತಪಾಸಣೆಯಲ್ಲಿ ಪ್ರತಿ ಮಗುವನ್ನೂ ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಬೇಕು. ಎರಡು ವರ್ಷ ದಾಟಿದ ಮಗು ಬಹುಪಾಲು ತುದಿಗಾಲಲ್ಲೇ ನಡೆಯುತ್ತಿದ್ದರೆ ಬರೆದುಕೊಳ್ಳಬೇಕು. ಜೊತೆಗೆ ಮಾತು ತಡ, ಹೆಸರಿಗೆ ಸ್ಪಂದಿಸದಿರೋದು, ಶಬ್ದಕ್ಕೆ ವಿಪರೀತ ಹೆದರಿಕೆ ಇದ್ದರೆ ಕೂಡಲೇ ಕಳಿಸಬೇಕು. ಖರ್ಚು ಶೂನ್ಯ.

ಎರಡು, ಫಿಸಿಯೋಥೆರಪಿ ತಾಲ್ಲೂಕು ಮಟ್ಟಕ್ಕೆ ಬರಬೇಕು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯನ್ನು ಕರ್ನಾಟಕ ಆಗಲೇ ಮಾಡಿ ತೋರಿಸಿದೆ. ಅದೇ ಮಾದರಿಯಲ್ಲಿ ವಾರಕ್ಕೊಂದು ದಿನ ಮಕ್ಕಳ ಬೆಳವಣಿಗೆಯ ಕ್ಲಿನಿಕ್ ಯಾಕೆ ಆಗಬಾರದು?

ಮೂರು, ಪ್ರತಿ ಗ್ರಾಮ ಪಂಚಾಯ್ತಿ ಅಂಗವಿಕಲರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆ ಹಣ ಬರೀ ತ್ರಿಚಕ್ರ ವಾಹನ ವಿತರಣೆಯ ಫೋಟೊಗೆ ಮುಗಿಯಬಾರದು. ಥೆರಪಿಗೆ ಹೋಗುವ ಕುಟುಂಬದ ಪ್ರಯಾಣ ವೆಚ್ಚಕ್ಕೆ, ಪಾದದ ಆಸರೆ ಪಟ್ಟಿಗೆ ಬಳಸುವಂತೆ ಗ್ರಾಮಸಭೆಯಲ್ಲಿ ಒತ್ತಾಯಿಸಬಹುದು.

ನಾಲ್ಕು, ತಾಯಿಯ ಕೈಗೆ ಕೆಲಸ ಕೊಡಿ, ತಪ್ಪು ಹೊರಿಸಬೇಡಿ. ಮೀನಖಂಡ ಹಿಗ್ಗಿಸುವ ವ್ಯಾಯಾಮ ಕಲಿಸಿಕೊಟ್ಟರೆ ಮನೆಯಲ್ಲೇ ದಿನವೂ ಮಾಡಿಸಬಹುದು. ಕಲಿಸಿದವರು ತಿಂಗಳಿಗೊಮ್ಮೆ ನೋಡಿ ತಿದ್ದಬೇಕು ಅಷ್ಟೇ. ಮಗುವಿನ ವರ್ತನೆ, ತಮ್ಮ ಒತ್ತಡದ ಬಗ್ಗೆ ಯಾರ ಹತ್ತಿರ ಮಾತಾಡಬೇಕೋ ಗೊತ್ತಾಗದ ಪೋಷಕರಿಗೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಐದನೆಯದು ನಿಮಗೆ, ಅಂದರೆ ಇದನ್ನು ಓದುತ್ತಿರುವ ಈ ನಾಲ್ಕು ತಾಲ್ಲೂಕುಗಳ ಯುವಕ ಯುವತಿಯರಿಗೆ. ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಜಿಲ್ಲೆಯ ಡಿಇಐಸಿಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾಗಿದ್ದು ಎಷ್ಟು? ಕಳೆದ ವರ್ಷ ನಿಮ್ಮ ತಾಲ್ಲೂಕಿನ ಅಂಗನವಾಡಿಗಳಿಗೆ ಸಂಚಾರಿ ತಂಡ ಎಷ್ಟು ಸಲ ಬಂತು? ಬೆಳವಣಿಗೆ ವಿಳಂಬ ಅಂತ ಎಷ್ಟು ಮಕ್ಕಳನ್ನು ಕಳಿಸಿದರು, ಅವರಲ್ಲಿ ಎಷ್ಟು ಮಕ್ಕಳು ಆರು ತಿಂಗಳ ನಂತರವೂ ಥೆರಪಿಯಲ್ಲಿದ್ದಾರೆ? ಕೊನೆಯ ಪ್ರಶ್ನೆಯನ್ನು ಮರೆಯದೆ ಕೇಳಿ. ಕಳಿಸಿದ ಲೆಕ್ಕ ಎಲ್ಲರೂ ಇಡ್ತಾರೆ, ಉಳಿದವರ ಲೆಕ್ಕ ಕೇಳಿದರೆ ಮಾತ್ರ ಸಿಗುತ್ತೆ.

ಹಿಮ್ಮಡಿ ಒತ್ತುವ ಮುನ್ನ

ಕೊನೆಗೊಂದು ಎಚ್ಚರಿಕೆ, ನನಗೂ ಸೇರಿ. ನಡಿಗೆ ಗಮನಿಸಿ ಅಂತ ಹೇಳೋದು, ನಡಿಗೆ ‘ಸರಿ ಮಾಡಿ’ ಅಂತ ಮಗುವಿನ ಮೇಲೆ ಬೀಳೋಕೆ ಅನುಮತಿಯಲ್ಲ. ಭುಜ ಹಿಡಿದು ಒತ್ತೋದು, ‘ನೆಟ್ಟಗೆ ನಡಿ’ ಅಂತ ಗದರೋದು, ಭಾರದ ಶೂ ಹಾಕಿ ಶಿಕ್ಷಿಸೋದು ಇವೆಲ್ಲ ಮಗುವಿಗೆ ಭಯ ಕಲಿಸುತ್ತವೆ, ನಡಿಗೆ ಕಲಿಸಲ್ಲ. ತಮ್ಮ ದೇಹ ಇರುವುದೇ ಹೀಗೆ, ಅದನ್ನು ಬೇರೆಯವರ ಕಣ್ಣಿಗೆ ಚೆಂದ ಕಾಣುವಂತೆ ತಿದ್ದೋದು ಚಿಕಿತ್ಸೆಯಲ್ಲ ಅಂತ ಆಟಿಸಂ ಇರುವ ಎಷ್ಟೋ ವಯಸ್ಕರು ಹೇಳ್ತಾರೆ. ಅವರ ಮಾತು ಸರಿ. ಹಿಮ್ಮಡಿ ಸಲೀಸಾಗಿ ಊರೋಕೆ ಆಗುತ್ತೆ, ನೋವಿಲ್ಲ, ಬೀಳ್ತಿಲ್ಲ, ವೈದ್ಯರು ಬೇರೆ ಕಾಯಿಲೆ ಇಲ್ಲ ಅಂದಿದ್ದಾರೆ, ಆದರೂ ಮಗು ಖುಷಿಯಾದಾಗ ತುದಿಗಾಲಲ್ಲಿ ಓಡುತ್ತೆ ಅಂದರೆ ಓಡಲಿ ಬಿಡಿ. ಚಿಕಿತ್ಸೆಯ ಗುರಿ ನಾಳೆ ಆ ಕಾಲು ನೋಯದಿರಲಿ ಅನ್ನೋದು ಮಾತ್ರ.

ಆದರೆ ಬಿಡಬೇಕೋ ಹಿಡಿಯಬೇಕೋ ಅಂತ ನಿರ್ಧರಿಸಬೇಕಾದರೂ ಯಾರಾದರೂ ಒಬ್ಬರು ಮೊದಲು ಆ ಮಗುವಿನ ಕಾಲು ನೋಡಬೇಕು. ಬೆಂಗಳೂರಿನವರು ದುಡ್ಡು ಕೊಟ್ಟು ಪಡೆಯುವ ಆ ಐದು ನಿಮಿಷ ‘ಬೆಂಗಳೂರು ದಕ್ಷಿಣ’ದ ಹಳ್ಳಿಯ ಮಗುವಿಗೆ ಹಕ್ಕಾಗಿ ಸಿಗಬೇಕು. ಮುಂದಿನ ಸಲ ವೋಟು ಕೇಳೋಕೆ ಯಾರಾದರೂ ನಿಮ್ಮ ಹಟ್ಟಿಗೆ ಬಂದಾಗ, ಅಂಗನವಾಡಿ ಇದೆಯಾ ಅಂತ ಕೇಳಬೇಡಿ. ನಮ್ಮ ಮಕ್ಕಳು ಹೇಗೆ ನಡೀತಿದ್ದಾರೆ ಅಂತ ಕಳೆದ ವರ್ಷ ಯಾರು ಬಂದು ನೋಡಿದರು ಅಂತ ಕೇಳಿ.